ಪೂರ್ವದ್ರವ್ಯದ ಆಯ್ಕೆ: ಟೈಟಾನಿಯಂ ಡೈಆಕ್ಸೈಡ್ ತಯಾರಿಕೆಯ ಒಂದು ಚಾರಿತ್ರಿಕ ಅವಲೋಕನ

ವಸ್ತುವೊಂದರ ಚರಿತ್ರೆಯನ್ನು ಬರೆಯುವಾಗ ಸಿದ್ಧವಸ್ತುವಿನ ಮೇಲೆಯೇ ದೃಷ್ಟಿ ನೆಡುವುದು ವಾಡಿಕೆ. ಅದು ಯಾವುದರಿಂದ ಹುಟ್ಟಿತು, ಹುಟ್ಟುವಾಗ ಏನನ್ನು ಉಳಿಸಿತು, ಆ ಉಳಿಕೆ ಯಾರ ಅಂಗಳಕ್ಕೆ ಬಂದು ಬಿತ್ತು ಎಂಬ ಪ್ರಶ್ನೆಗಳು ಹಿನ್ನೆಲೆಗೆ ಸರಿಯುತ್ತವೆ. ಮಡಕೆಯ ಆಕಾರ, ಅಲಂಕಾರಗಳನ್ನು ವಿಸ್ತಾರವಾಗಿ ವರ್ಣಿಸುವ ಬರವಣಿಗೆಯು ಕುಂಬಾರನು ನಿರ್ದಿಷ್ಟ ಕೆರೆಯ ಮಣ್ಣನ್ನೇ ಏಕೆ ಆರಿಸಿದನೆಂಬುದನ್ನು ಒಂದೇ ವಾಕ್ಯದಲ್ಲಿ ಮುಗಿಸಿಬಿಡುವುದುಂಟು. ಜಾನಪದ ಅಧ್ಯಯನವು ಭೌತಿಕ ಸಂಸ್ಕೃತಿಯ ಕ್ಷೇತ್ರವನ್ನು ಪ್ರವೇಶಿಸಿದ ಮೇಲೆ ಈ ಕೊರತೆ ಎದ್ದು ಕಾಣತೊಡಗಿತು. ಇದೇ ಕೊರತೆ ಆಧುನಿಕ ಪ್ರಯೋಗಾಲಯದ ವಸ್ತುಗಳ ಚರಿತ್ರೆಯಲ್ಲಿಯೂ ಇದೆ.

ಟೈಟಾನಿಯಂ ಡೈಆಕ್ಸೈಡ್ ಇದಕ್ಕೆ ಒಳ್ಳೆಯ ನಿದರ್ಶನ. ಗೋಡೆಯ ಬಣ್ಣ, ಕಾಗದ, ಪ್ಲಾಸ್ಟಿಕ್, ಹಲ್ಲುಪುಡಿ, ಸೌಂದರ್ಯವರ್ಧಕಗಳಲ್ಲಿ ಬಿಳುಪಿಗಾಗಿ ಬಳಕೆಯಾಗುವ ಈ ದ್ರವ್ಯವು ನ್ಯಾನೊ ಕಣಗಳ ರೂಪದಲ್ಲಿ ದ್ಯುತಿ ವೇಗವರ್ಧಕವಾಗಿಯೂ, ತೆಳುಪದರದ ರೂಪದಲ್ಲಿ ಗಾಜಿನ ಲೇಪನ ಹಾಗೂ ಸೌರಕೋಶದ ಭಾಗವಾಗಿಯೂ ಕೆಲಸ ಮಾಡುತ್ತದೆ. ಅಂತಿಮ ವಸ್ತು ಒಂದೇ ಆದರೂ ಅದನ್ನು ಪಡೆಯುವ ದಾರಿಗಳು ಹಲವು. ಪ್ರತಿಯೊಂದು ದಾರಿಯೂ ಒಂದು ಪೂರ್ವದ್ರವ್ಯದಿಂದ, ಅಂದರೆ ರಾಸಾಯನಿಕ ಕ್ರಿಯೆಯಿಂದ ಬೇಕಾದ ವಸ್ತುವಾಗಿ ಮಾರ್ಪಡುವ ಆರಂಭಿಕ ಸಂಯುಕ್ತದಿಂದ ಹೊರಡುತ್ತದೆ. ಈ ಆಯ್ಕೆ ಹೇಗೆ ನಡೆದುಬಂತು, ಅದರಲ್ಲಿ ರಸಾಯನಶಾಸ್ತ್ರದ ಜತೆಗೆ ಬೇರೆ ಯಾವ ಒತ್ತಡಗಳು ಕೆಲಸ ಮಾಡಿದವು ಎಂಬುದನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕರಿಮರಳಿನ ಮೂಲ

ಬಿಳುಪಿನ ಈ ಚರಿತ್ರೆ ಕಪ್ಪು ಮರಳಿನಿಂದ ಆರಂಭವಾಗುವುದು ವಿಶೇಷ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಪಾದ್ರಿ ವಿಲಿಯಂ ಗ್ರೆಗರ್ 1791ರಲ್ಲಿ ತನ್ನ ಸೀಮೆಯ ಮೆನಾಕನ್ ಕಣಿವೆಯ ಕರಿಮರಳನ್ನು ವಿಶ್ಲೇಷಿಸಿ, ಅದರಲ್ಲಿ ಕಬ್ಬಿಣದ ಜತೆಗೆ ಅದುವರೆಗೆ ತಿಳಿಯದಿದ್ದ ಲೋಹವೊಂದರ ಆಕ್ಸೈಡ್ ಇರುವುದನ್ನು ಕಂಡನು. ಅವನು ಅದಕ್ಕೆ ಊರಿನ ಹೆಸರನ್ನೇ ಇಟ್ಟನು. ಜರ್ಮನಿಯ ಮಾರ್ಟಿನ್ ಹೆನ್ರಿಕ್ ಕ್ಲಾಪ್ರೋತ್ 1795ರಲ್ಲಿ ರೂಟೈಲ್ ಎಂಬ ಖನಿಜದಲ್ಲಿ ಅದೇ ಧಾತುವನ್ನು ಸ್ವತಂತ್ರವಾಗಿ ಗುರುತಿಸಿ, ಗ್ರೀಕ್ ಪುರಾಣದ ಟೈಟನ್ನರ ಹೆಸರಿನಿಂದ ಟೈಟಾನಿಯಂ ಎಂದು ಕರೆದನು. ಸ್ಥಳನಾಮ ಅಳಿದು ಪುರಾಣನಾಮ ಉಳಿಯಿತು. ಹೆಸರಿನಿಂದ ನೆಲದ ಗುರುತು ಅಳಿಸಿಹೋಗುವ ಈ ಪ್ರಕ್ರಿಯೆ ಮುಂದೆಯೂ ಪುನರಾವರ್ತನೆಯಾಗುವುದನ್ನು ಕಾಣಬಹುದು.

ಭಾರತದಲ್ಲಿ ಈ ಕರಿಮರಳು ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿ, ಒಡಿಶಾದ ಛತ್ರಪುರ ಮೊದಲಾದ ಕಡಲತೀರಗಳಲ್ಲಿ ದೊರೆಯುತ್ತದೆ. ಹಿಂದಿನ ತಿರುವಾಂಕೂರು ಸಂಸ್ಥಾನದಿಂದ ರಫ್ತಾದ ತೆಂಗಿನನಾರಿಗೆ ಅಂಟಿಕೊಂಡಿದ್ದ ಮರಳಿನಲ್ಲಿ ಜರ್ಮನ್ ರಸಾಯನತಜ್ಞ ಷೋಂಬರ್ಗ್ 1909ರ ಸುಮಾರಿಗೆ ಮೊನಜೈಟ್ ಖನಿಜವನ್ನು ಗುರುತಿಸಿದನೆಂಬ ಕಥನ ಪ್ರಸಿದ್ಧವಾಗಿದೆ. ಆಗ ಬೇಕಾಗಿದ್ದುದು ಗ್ಯಾಸ್ ದೀಪದ ಜಾಲಿಗೆ ಬೇಕಾದ ಥೋರಿಯಂ. ಅದರ ಜತೆಗೇ ಇದ್ದ ಇಲ್ಮನೈಟ್, ಅಂದರೆ ಕಬ್ಬಿಣ ಮತ್ತು ಟೈಟಾನಿಯಂಗಳ ಆಕ್ಸೈಡ್, ಬಿಳಿ ವರ್ಣದ್ರವ್ಯದ ಉದ್ಯಮ ಬೆಳೆದ ಮೇಲೆಯೇ ಬೆಲೆ ಪಡೆಯಿತು. ಒಂದೇ ಮರಳು ಕಾಲಕ್ಕೆ ತಕ್ಕಂತೆ ಬೇರೆ ಬೇರೆ ವಸ್ತುವಾಗಿ ಓದಲ್ಪಟ್ಟಿತು. ಪೂರ್ವದ್ರವ್ಯ ಎನ್ನುವುದು ವಸ್ತುವಿನ ಸಹಜ ಗುಣವಲ್ಲ, ಅದು ಬಳಕೆಯಿಂದ ಬರುವ ಸ್ಥಾನ ಎಂಬುದಕ್ಕೆ ಇದು ಸಾಕ್ಷಿ.

ಗಂಧಕಾಮ್ಲದ ದಾರಿ

ಟೈಟಾನಿಯಂ ಬಿಳುಪಿನ ವಾಣಿಜ್ಯ ತಯಾರಿಕೆ ನಾರ್ವೆ ಮತ್ತು ಅಮೆರಿಕಗಳಲ್ಲಿ 1916ರ ಸುಮಾರಿಗೆ ಆರಂಭವಾಯಿತು. ಅದುವರೆಗೆ ಬಣ್ಣದ ಉದ್ಯಮವನ್ನು ಆಳುತ್ತಿದ್ದ ಸೀಸದ ಬಿಳುಪು ವಿಷಕಾರಿಯಾಗಿತ್ತು. ಹೊಸ ಬಿಳುಪು ವಿಷರಹಿತವೆನಿಸಿದ್ದು ಮಾತ್ರವಲ್ಲ, ಅದರ ವಕ್ರೀಭವನ ಸೂಚ್ಯಂಕ ಅನಟೇಸ್ ರೂಪದಲ್ಲಿ ಸುಮಾರು 2.5, ರೂಟೈಲ್ ರೂಪದಲ್ಲಿ ಸುಮಾರು 2.7 ಇದ್ದುದರಿಂದ ಹಿಂದಿನ ಬಣ್ಣವನ್ನು ಮುಚ್ಚುವ ಶಕ್ತಿಯೂ ಹೆಚ್ಚಾಗಿತ್ತು. ಆರಂಭದಲ್ಲಿ ಇದನ್ನು ಬೇರಿಯಂ ಸಲ್ಫೇಟ್‌ನೊಡನೆ ಬೆರೆಸಿ ಮಾರಲಾಗುತ್ತಿತ್ತು. 1920ರ ದಶಕದಲ್ಲಿ ಫ್ರಾನ್ಸಿನಲ್ಲಿ ಬ್ಲೂಮೆನ್‌ಫೆಲ್ಡ್ ವಿಧಾನದಿಂದ ಶುದ್ಧ ಆಕ್ಸೈಡ್ ತಯಾರಾಗತೊಡಗಿತು.

ಈ ವಿಧಾನದಲ್ಲಿ ಇಲ್ಮನೈಟನ್ನು ಸಾಂದ್ರ ಗಂಧಕಾಮ್ಲದಲ್ಲಿ ಕರಗಿಸಿ, ಕಬ್ಬಿಣವನ್ನು ಅನ್ನಭೇದಿಯಾಗಿ, ಅಂದರೆ ಫೆರಸ್ ಸಲ್ಫೇಟ್ ಹರಳುಗಳಾಗಿ ಬೇರ್ಪಡಿಸಲಾಗುತ್ತದೆ. ಉಳಿದ ಟೈಟಾನಿಲ್ ಸಲ್ಫೇಟ್ ದ್ರಾವಣವನ್ನು ಕುದಿಸಿದಾಗ ಜಲವಿಶ್ಲೇಷಣೆಯಾಗಿ ಬಿಳಿಯ ಗಸಿ ಇಳಿಯುತ್ತದೆ. ಅದನ್ನು 800ರಿಂದ 1000 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಟ್ಟರೆ ವರ್ಣದ್ರವ್ಯ ಸಿದ್ಧ. ಗಸಿ ಸಮನಾಗಿ ಇಳಿಯಲು ದ್ರಾವಣಕ್ಕೆ ಮೊದಲೇ ಸೂಕ್ಷ್ಮ ಬೀಜಕಣಗಳನ್ನು ಸೇರಿಸುವುದು ಈ ತಯಾರಿಕೆಯ ಮುಖ್ಯ ಮರ್ಮ. ಹಾಲಿಗೆ ಹೆಪ್ಪು ಹಾಕುವ ಗೃಹಿಣಿಗೆ ಇದರ ತತ್ವ ಅಪರಿಚಿತವೇನಲ್ಲ: ಮುಂದೆ ಆಗಬೇಕಾದುದರ ಚೂರೊಂದು ಮೊದಲೇ ಅಲ್ಲಿರಬೇಕು. ಸಲ್ಫೇಟ್ ಅಯಾನುಗಳ ಸನ್ನಿಧಿಯಲ್ಲಿ ಅನಟೇಸ್ ಹರಳುರೂಪ ಸುಲಭವಾಗಿ ಒದಗುತ್ತದೆ. ರೂಟೈಲ್ ಬೇಕೆಂದರೆ ರೂಟೈಲಿನ ಬೀಜವನ್ನೇ ಹಾಕಬೇಕಾಗುತ್ತದೆ.

ಗಂಧಕಾಮ್ಲದ ದಾರಿಯ ದೊಡ್ಡ ಗುಣ ಅದರ ಅಗ್ಗತನ. ದೊಡ್ಡ ದೋಷ ಅದರ ಉಳಿಕೆ. ಸಮೀಕರಣದ ಪ್ರಕಾರವೇ ಲೆಕ್ಕ ಹಾಕಿದರೆ ಇಲ್ಮನೈಟಿನಿಂದ 80 ಕಿಲೋ ಆಕ್ಸೈಡ್ ಪಡೆಯುವಾಗ ಹರಳುರೂಪದ 278 ಕಿಲೋ ಅನ್ನಭೇದಿಯೂ, ಕನಿಷ್ಠ 98 ಕಿಲೋ ಗಂಧಕಾಮ್ಲ ದುರ್ಬಲ ದ್ರಾವಣವಾಗಿಯೂ ಹೊರಬರುತ್ತವೆ. ಬೇಕಾದ ವಸ್ತುವಿಗಿಂತ ಬೇಡದ ವಸ್ತುವೇ ಹಲವು ಪಾಲು ಹೆಚ್ಚು. 1972ರಲ್ಲಿ ಇಟಲಿಯ ಸ್ಕಾರ್ಲಿನೊ ಕಾರ್ಖಾನೆಯ ಇಂಥ ತ್ಯಾಜ್ಯವನ್ನು ಹಡಗುಗಳಲ್ಲಿ ತುಂಬಿ ಕಾರ್ಸಿಕಾ ದ್ವೀಪದ ಉತ್ತರದ ಕಡಲಿನಲ್ಲಿ ಸುರಿಯಲಾಯಿತು. ದ್ವೀಪವಾಸಿಗಳು ಅದನ್ನು ಕೆಂಪು ಕೆಸರು ಎಂದು ಕರೆದರು. 1973ರಲ್ಲಿ ದೊಡ್ಡ ಪ್ರಮಾಣದ ಪ್ರತಿಭಟನೆಗಳು ನಡೆದವು. 1978ರಲ್ಲಿ ಯುರೋಪಿನ ಆರ್ಥಿಕ ಸಮುದಾಯವು ಟೈಟಾನಿಯಂ ಡೈಆಕ್ಸೈಡ್ ಉದ್ಯಮದ ತ್ಯಾಜ್ಯಕ್ಕಾಗಿಯೇ ಪ್ರತ್ಯೇಕ ನಿರ್ದೇಶನವನ್ನು ಹೊರಡಿಸಿತು. ಬಿಳುಪಿನ ಚರಿತ್ರೆಯಲ್ಲಿ ಕೆಂಪಿನ ಹೆಸರು ಮೀನುಗಾರರಿರುವ ಕಡಲತಡಿಯಲ್ಲಿ ಹುಟ್ಟಿತು ಎಂಬುದನ್ನು ಗಮನಿಸಬೇಕು. ಉದ್ಯಮದ ಪರಿಭಾಷೆ ಹೇಳದೆ ಬಿಟ್ಟುದನ್ನು ಜನರ ನಾಮಕರಣ ಹೇಳಿತು.

ಕ್ಲೋರೈಡಿನ ದಾರಿ

ಎರಡನೆಯ ದಾರಿ ಟೈಟಾನಿಯಂ ಟೆಟ್ರಾಕ್ಲೋರೈಡಿನದು. ಅದಿರನ್ನು ಇಂಗಾಲದೊಡನೆ ಸುಮಾರು 900ರಿಂದ 1000 ಡಿಗ್ರಿಯಲ್ಲಿ ಕ್ಲೋರಿನ್ ಅನಿಲಕ್ಕೆ ಒಡ್ಡಿದಾಗ ಈ ದ್ರವ ಸಿಗುತ್ತದೆ. ಅದು 136 ಡಿಗ್ರಿಯಲ್ಲಿ ಕುದಿಯುವುದರಿಂದ ಭಟ್ಟಿ ಇಳಿಸಿ ಶುದ್ಧೀಕರಿಸಬಹುದು. ಕಬ್ಬಿಣವೇ ಮುಂತಾದ ಕಲ್ಮಶಗಳು ಹಿಂದೆ ಉಳಿಯುತ್ತವೆ. ಬಳಿಕ ಆಮ್ಲಜನಕದೊಡನೆ ಉರಿಸಿದರೆ ರೂಟೈಲ್ ದೊರೆತು, ಕ್ಲೋರಿನ್ ಮರಳಿ ಬಳಕೆಗೆ ಬರುತ್ತದೆ. ಅಮೆರಿಕದ ಡುಪಾಂಟ್ ಸಂಸ್ಥೆ 1950ರ ದಶಕದಲ್ಲಿ ಇದನ್ನು ಔದ್ಯಮಿಕ ಮಟ್ಟಕ್ಕೆ ತಂದಿತು.

ಕೇರಳದಲ್ಲಿ ಈ ಎರಡು ದಾರಿಗಳೂ ಅಕ್ಕಪಕ್ಕದಲ್ಲಿವೆ. ತಿರುವನಂತಪುರದಲ್ಲಿ 1946ರಲ್ಲಿ ಸ್ಥಾಪನೆಯಾದ ಟ್ರಾವಂಕೂರ್ ಟೈಟಾನಿಯಂ ಪ್ರಾಡಕ್ಟ್ಸ್ ಗಂಧಕಾಮ್ಲದ ವಿಧಾನವನ್ನು ಅನುಸರಿಸಿತು. ಚವರದ ಕೇರಳ ಮಿನರಲ್ಸ್ ಅಂಡ್ ಮೆಟಲ್ಸ್ 1980ರ ದಶಕದಲ್ಲಿ ಕ್ಲೋರೈಡ್ ವಿಧಾನವನ್ನು ಆರಂಭಿಸಿತು. ಒಂದೇ ತೀರದ ಮರಳು ಎರಡು ಬಗೆಯ ರಸಾಯನಕ್ಕೆ ಸೇರಿ, ಎರಡು ಬಗೆಯ ಬಿಳುಪಾಗಿ ಮಾರುಕಟ್ಟೆಗೆ ಬಂದಿತು.

ನ್ಯಾನೊ ಕಣಗಳ ಚರಿತ್ರೆಗೂ ಟೆಟ್ರಾಕ್ಲೋರೈಡ್ ಮುಖ್ಯವೇ. ಜರ್ಮನಿಯ ಡೆಗುಸ್ಸಾ ಸಂಸ್ಥೆಯಲ್ಲಿ ಹ್ಯಾರಿ ಕ್ಲೋಪ್ಫರ್ 1942ರಲ್ಲಿ ಸಿಲಿಕಾ ಕಣಗಳಿಗಾಗಿ ರೂಪಿಸಿದ ಜ್ವಾಲಾ ವಿಧಾನವನ್ನು ಮುಂದೆ ಟೈಟಾನಿಯಂಗೆ ಅಳವಡಿಸಲಾಯಿತು. ಕ್ಲೋರೈಡ್ ಆವಿಯನ್ನು ಜಲಜನಕ ಮತ್ತು ಆಮ್ಲಜನಕದ ಜ್ವಾಲೆಯೊಳಗೆ ಹಾಯಿಸಿದಾಗ ಉಂಟಾಗುವ ಪುಡಿ ಪಿ-25 ಎಂಬ ಹೆಸರಿನಿಂದ ಪ್ರಸಿದ್ಧ. ಅದರಲ್ಲಿ ಸುಮಾರು ನಾಲ್ಕು ಪಾಲು ಅನಟೇಸ್, ಒಂದು ಪಾಲು ರೂಟೈಲ್; ಗ್ರಾಮಿಗೆ ಸುಮಾರು 50 ಚದರ ಮೀಟರ್ ಮೇಲ್ಮೈ. ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೋಂಡಾ 1972ರಲ್ಲಿ ರೂಟೈಲ್ ವಿದ್ಯುದ್ವಾರದ ಮೇಲೆ ಬೆಳಕು ಬಿದ್ದಾಗ ನೀರು ವಿಭಜನೆಯಾಗುವುದನ್ನು ಪ್ರಕಟಿಸಿದ ಮೇಲೆ ಈ ಆಕ್ಸೈಡಿನ ದ್ಯುತಿ ವೇಗವರ್ಧಕ ಗುಣದ ಅಧ್ಯಯನ ವ್ಯಾಪಕವಾಯಿತು. ಆ ಅಧ್ಯಯನಗಳಲ್ಲಿ ಹೊಸ ಕಣವನ್ನು ತೂಗಿ ನೋಡುವ ತಕ್ಕಡಿಯ ಕಲ್ಲಾಗಿ ಬಳಕೆಗೆ ಬಂದದ್ದು ಪಿ-25. ಹಾಗಾಗಿ ಅಳತೆಗೋಲಿನಲ್ಲಿಯೇ ಒಂದು ಪೂರ್ವದ್ರವ್ಯದ ಆಯ್ಕೆ ಅಡಗಿದೆ.

ಆದರೆ ಈ ದ್ರವ ಸುಲಭವಾಗಿ ಪಳಗುವಂಥದಲ್ಲ. ತೇವದ ಗಾಳಿ ಸೋಂಕಿದೊಡನೆ ದಟ್ಟ ಬಿಳಿ ಹೊಗೆಯನ್ನೂ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಉಗುಳುತ್ತದೆ. ಸೈನ್ಯಗಳು ಇದನ್ನು ಹೊಗೆತೆರೆಗಾಗಿ ಬಳಸಿದ್ದುಂಟು. 190 ಗ್ರಾಂ ಟೆಟ್ರಾಕ್ಲೋರೈಡ್ ನೀರಿನೊಡನೆ ಸೇರಿ 80 ಗ್ರಾಂ ಆಕ್ಸೈಡ್ ಕೊಟ್ಟರೆ, 146 ಗ್ರಾಂ ಹೈಡ್ರೋಜನ್ ಕ್ಲೋರೈಡನ್ನೂ ಹೊರಗೆಡಹುತ್ತದೆ. ಕಣಗಳ ಮೇಲ್ಮೈಯಲ್ಲಿ ಉಳಿದ ಕ್ಲೋರೈಡನ್ನು ತೊಳೆದು ತೆಗೆಯುವುದು ಪ್ರಯೋಗಾಲಯದಲ್ಲಿ ಕೆಲಸದ ದೊಡ್ಡ ಪಾಲಾಗುತ್ತದೆ.

ಆಲ್ಕಾಕ್ಸೈಡಿನ ದಾರಿ

ಕ್ಲೋರೈಡ್, ಸಲ್ಫೇಟ್‌ಗಳ ಕಲೆಯಿಲ್ಲದ ಆಕ್ಸೈಡ್ ಬೇಕೆಂಬ ಅಪೇಕ್ಷೆ ಮೂರನೆಯ ದಾರಿಯನ್ನು ತೆರೆಯಿತು. ಫ್ರಾನ್ಸಿನ ಎಬೆಲ್ಮೆನ್ 1840ರ ದಶಕದಲ್ಲಿ ಸಿಲಿಕಾನ್ ಕ್ಲೋರೈಡನ್ನು ಮದ್ಯಸಾರದೊಡನೆ ಸೇರಿಸಿ ಪಡೆದ ದ್ರವವು ತೇವದ ಗಾಳಿಯಲ್ಲಿ ನಿಧಾನವಾಗಿ ಗಾಜಿನಂಥ ಘನವಾಗುವುದನ್ನು ಕಂಡಿದ್ದನು. ಈ ಅವಲೋಕನ ಬಹುಕಾಲ ಕುತೂಹಲದ ಸಂಗತಿಯಾಗಿಯೇ ಉಳಿಯಿತು. ಜರ್ಮನಿಯ ಯೇನಾದಲ್ಲಿ ಗೆಫ್‌ಕೆನ್ ಮತ್ತು ಬರ್ಗರ್ 1939ರಲ್ಲಿ ಗಾಜನ್ನು ಇಂಥ ದ್ರಾವಣದಲ್ಲಿ ಅದ್ದಿ ಮೇಲೆತ್ತಿ ಆಕ್ಸೈಡ್ ಪದರ ಕೂರಿಸುವ ವಿಧಾನಕ್ಕೆ ಪೇಟೆಂಟ್ ಪಡೆದಾಗ ಅದು ಉದ್ಯಮದ ಕೈಗೆ ಬಂದಿತು. ವಾಹನಗಳ ಹಿನ್ನೋಟದ ಕನ್ನಡಿಗಳಿಗೆ ಈ ಬಗೆಯ ಲೇಪನ 1950ರ ದಶಕದಲ್ಲಿ ಬಳಕೆಗೆ ಬಂದಿತು.

ಆಲ್ಕಾಕ್ಸೈಡುಗಳ ವ್ಯವಸ್ಥಿತ ರಸಾಯನವನ್ನು ಕಟ್ಟಿದವರಲ್ಲಿ ಲಂಡನ್ನಿನ ಡಿ. ಸಿ. ಬ್ರಾಡ್ಲಿ ಮತ್ತು ಭಾರತದ ಆರ್. ಸಿ. ಮೆಹರೋತ್ರಾ ಪ್ರಮುಖರು. ಮೆಹರೋತ್ರಾ ಅವರ ನೇತೃತ್ವದಲ್ಲಿ ಜೈಪುರದ ರಾಜಸ್ಥಾನ ವಿಶ್ವವಿದ್ಯಾಲಯ ಈ ಸಂಶೋಧನೆಯ ಜಾಗತಿಕ ಕೇಂದ್ರಗಳಲ್ಲೊಂದಾಯಿತು. ಬ್ರಾಡ್ಲಿ, ಮೆಹರೋತ್ರಾ ಮತ್ತು ಗೌರ್ ಅವರು 1978ರಲ್ಲಿ ಪ್ರಕಟಿಸಿದ ಲೋಹದ ಆಲ್ಕಾಕ್ಸೈಡುಗಳ ಗ್ರಂಥವು ಮುಂದಿನ ತಲೆಮಾರಿನ ವಸ್ತುವಿಜ್ಞಾನಿಗಳಿಗೆ ಆಕರವಾಯಿತು. ಭಾರತದ ಪ್ರಯೋಗಾಲಯಗಳು ಇತರರ ಪೂರ್ವದ್ರವ್ಯಗಳನ್ನು ಬಳಸಿದವು ಎಂದಷ್ಟೇ ಹೇಳುವ ಚರಿತ್ರೆ ಅಪೂರ್ಣ. ಅವುಗಳ ವ್ಯಾಕರಣವನ್ನು ಬರೆದವರಲ್ಲಿ ಭಾರತೀಯರೂ ಇದ್ದರು.

ಆಲ್ಕಾಕ್ಸೈಡುಗಳಲ್ಲಿಯೂ ಆಯ್ಕೆಯಿದೆ. ಐಸೊಪ್ರೊಪಾಕ್ಸೈಡಿನ ಅಣುಗಳು ಬಹುಮಟ್ಟಿಗೆ ಒಂಟಿಯಾಗಿರುತ್ತವೆ. ನೀರು ತಾಕಿದೊಡನೆ ಕ್ರಿಯೆ ಭರದಿಂದ ನಡೆಯುತ್ತದೆ. ಈಥಾಕ್ಸೈಡ್ ಮತ್ತು ಬ್ಯೂಟಾಕ್ಸೈಡ್ ಅಣುಗಳು ಗುಂಪುಗೂಡಿರುತ್ತವೆ. ಬ್ಯೂಟಾಕ್ಸೈಡ್ ಹೋಲಿಕೆಯಲ್ಲಿ ನಿಧಾನಿ. ನೀರು ಕಡಿಮೆಯಿದ್ದು ಆಮ್ಲ ಜತೆಗಿದ್ದರೆ ಸರಪಣಿಗಳು ಬೆಳೆದು ಪದರಕ್ಕೆ ಒಗ್ಗುವ ದ್ರಾವಣ ಸಿಗುತ್ತದೆ. ನೀರು ಹೆಚ್ಚಾದರೆ ಗಸಿ ಇಳಿಯುತ್ತದೆ. ಈ ಓಟಕ್ಕೆ ಕಡಿವಾಣ ಹಾಕಲು ಅಸಿಟಿಕ್ ಆಮ್ಲ ಅಥವಾ ಅಸಿಟೈಲ್ ಅಸಿಟೋನನ್ನು ಮೊದಲೇ ಸೇರಿಸುವ ಕ್ರಮವನ್ನು ಪ್ಯಾರಿಸಿನ ಲಿವಾಜ್, ಸಾಂಶೆ ಮೊದಲಾದವರು 1980ರ ದಶಕದಲ್ಲಿ ವಿಶದಪಡಿಸಿದರು. ಬ್ರಯಾನ್ ಓ'ರೇಗನ್ ಮತ್ತು ಮೈಕೆಲ್ ಗ್ರೆಟ್ಸೆಲ್ 1991ರಲ್ಲಿ ಪ್ರಕಟಿಸಿದ ವರ್ಣಲೇಪಿತ ಸೌರಕೋಶದ ಮುಖ್ಯಾಂಗ ನ್ಯಾನೊ ಕಣಗಳ ಸುಮಾರು 10 ಮೈಕ್ರೋಮೀಟರ್ ದಪ್ಪದ ಪದರವೇ. ಆ ಪರಂಪರೆಯಲ್ಲಿ ಐಸೊಪ್ರೊಪಾಕ್ಸೈಡ್ ಸಾಮಾನ್ಯ ಪೂರ್ವದ್ರವ್ಯವಾಗಿ ನೆಲೆಯೂರಿತು.

ಇಲ್ಲಿ ಒಂದು ಅಂಶವನ್ನು ಒತ್ತಿ ಹೇಳಬೇಕಾಗಿದೆ. ಆಲ್ಕಾಕ್ಸೈಡ್ ದಾರಿಯನ್ನು ಶುದ್ಧ, ಸೌಮ್ಯ ಎಂದು ಬಣ್ಣಿಸುವುದು ರೂಢಿ. 284 ಗ್ರಾಂ ಐಸೊಪ್ರೊಪಾಕ್ಸೈಡ್ 80 ಗ್ರಾಂ ಆಕ್ಸೈಡನ್ನೂ 240 ಗ್ರಾಂ ಐಸೊಪ್ರೊಪೈಲ್ ಮದ್ಯಸಾರವನ್ನೂ ಕೊಡುತ್ತದೆ, ಕ್ಲೋರಿನ್ನಿನ ಸುಳಿವಿರುವುದಿಲ್ಲ. ಆದರೆ ಆಲ್ಕಾಕ್ಸೈಡ್ ತಯಾರಾಗುವುದೇ ಟೆಟ್ರಾಕ್ಲೋರೈಡನ್ನು ಮದ್ಯಸಾರ ಮತ್ತು ಅಮೋನಿಯಾದೊಡನೆ ಸೇರಿಸಿದಾಗ. ಅಲ್ಲಿ ನಾಲ್ಕು ಕ್ಲೋರಿನ್ ಪರಮಾಣುಗಳೂ ಅಮೋನಿಯಂ ಕ್ಲೋರೈಡ್ ಲವಣವಾಗಿ ಹೊರಬೀಳುತ್ತವೆ. ಎಂದರೆ ಕ್ಲೋರಿನ್ ಇಲ್ಲವಾಗಲಿಲ್ಲ, ಪ್ರಯೋಗಾಲಯದಿಂದ ಕಾರ್ಖಾನೆಗೆ ಸ್ಥಳಾಂತರವಾಯಿತು. ಬಾಟಲಿಯ ಮೇಲಿನ ಶೇಕಡಾವಾರು ಶುದ್ಧತೆ ಬಾಟಲಿಯೊಳಗಿನ ದ್ರವಕ್ಕೆ ಮಾತ್ರ ಸಂಬಂಧಿಸಿದ್ದು.

ತೆಳುಪದರಗಳ ಬೇಡಿಕೆ

ತೆಳುಪದರಗಳ ಕ್ಷೇತ್ರದಲ್ಲಿ ಪೂರ್ವದ್ರವ್ಯಕ್ಕೆ ಬೇರೆ ಅರ್ಹತೆಗಳು ಬೇಕು. ಆವಿಯಿಂದ ಪದರ ಕೂರಿಸುವ ವಿಧಾನಗಳಲ್ಲಿ ಅದು ಕೆಡದೆ ಆವಿಯಾಗಬೇಕು, ಆದರೆ ಬಿಸಿ ಮೇಲ್ಮೈ ತಲುಪಿದಾಗ ಒಡೆಯಬೇಕು. ಐಸೊಪ್ರೊಪಾಕ್ಸೈಡಿನಲ್ಲಿ ಟೈಟಾನಿಯಂ ಜತೆಗೆ ಆಮ್ಲಜನಕವೂ ಇರುವುದರಿಂದ ಅದೊಂದೇ ಸಾಕಾಗಬಲ್ಲದು. ಟೆಟ್ರಾಕ್ಲೋರೈಡಿಗೆ ಆಮ್ಲಜನಕದ ಮೂಲ ಪ್ರತ್ಯೇಕವಾಗಿ ಬೇಕು.

ಫಿನ್ಲೆಂಡಿನ ಟುವೊಮೊ ಸುಂಟೊಲಾ 1974ರಲ್ಲಿ ರೂಪಿಸಿದ ಪರಮಾಣು ಪದರ ವಿಧಾನದಲ್ಲಿ ಎರಡು ದ್ರವ್ಯಗಳ ಆವಿಯನ್ನು ಒಂದಾದ ಮೇಲೊಂದರಂತೆ ಹಾಯಿಸಲಾಗುತ್ತದೆ. ಮೇಲ್ಮೈ ತುಂಬಿದೊಡನೆ ಕ್ರಿಯೆ ತಾನಾಗಿ ನಿಲ್ಲುತ್ತದೆ. ಹೆಲ್ಸಿಂಕಿಯ ರಿತಾಲಾ, ಲೆಸ್ಕೆಲಾ ಮತ್ತು ಅವರ ಸಂಗಡಿಗರು 1990ರ ದಶಕದ ಆರಂಭದಲ್ಲಿ ಟೆಟ್ರಾಕ್ಲೋರೈಡ್ ಮತ್ತು ಐಸೊಪ್ರೊಪಾಕ್ಸೈಡ್ ಎರಡರಿಂದಲೂ ಈ ಕ್ರಮದಲ್ಲಿ ಪದರ ಬೆಳೆಸಿದರು. ಕ್ಲೋರೈಡ್ ಹೆಚ್ಚಿನ ಉಷ್ಣತೆಯನ್ನು ತಾಳುತ್ತದೆ, ಆದರೆ ಆಮ್ಲವನ್ನು ಬಿಡುಗಡೆ ಮಾಡಿ ಉಪಕರಣವನ್ನು ಕೊರೆಯುತ್ತದೆ. ಆಲ್ಕಾಕ್ಸೈಡ್ ಉಪಕರಣಕ್ಕೆ ಸೌಮ್ಯ, ಆದರೆ ಉಷ್ಣತೆ ಏರಿದಾಗ ತಾನೇ ಒಡೆದು ಶಿಸ್ತನ್ನು ಮುರಿಯುತ್ತದೆ. ಸರ್ವಗುಣಸಂಪನ್ನವಾದ ಪೂರ್ವದ್ರವ್ಯವೆಂಬುದಿಲ್ಲ, ಯಾವ ದೋಷವನ್ನು ತಾಳಿಕೊಳ್ಳಬಹುದು ಎಂಬುದೇ ನಿಜವಾದ ಆಯ್ಕೆ.

ಬೆಂಗಳೂರಿನ ದಹನಮಾರ್ಗ

ಈ ಚರಿತ್ರೆಯಲ್ಲಿ ಕರ್ನಾಟಕದ ಸ್ಥಾನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೂಲಕ ಒದಗುತ್ತದೆ. ಅಲ್ಲಿ ಕಿಂಗ್ಸ್ಲಿ ಮತ್ತು ಕೆ. ಸಿ. ಪಾಟೀಲ್ ಅವರು ಅಲ್ಯುಮಿನಿಯಂ ನೈಟ್ರೇಟ್ ಹಾಗೂ ಯೂರಿಯಾಗಳ ದ್ರಾವಣವನ್ನು ಸುಮಾರು 500 ಡಿಗ್ರಿಯ ಕುಲುಮೆಯಲ್ಲಿ ಥಟ್ಟನೆ ಕಾಯಿಸಿದಾಗ ಅದು ನೊರೆಯುಕ್ಕಿ ಹೊತ್ತಿಕೊಂಡು ಬಿಳಿಯ ಆಕ್ಸೈಡಾಗುವುದನ್ನು 1988ರಲ್ಲಿ ಪ್ರಕಟಿಸಿದರು. ನೈಟ್ರೇಟ್ ಉತ್ಕರ್ಷಕ, ಯೂರಿಯಾ ಇಂಧನ. ಬೇಕಾದ ಶಾಖವನ್ನು ಕ್ರಿಯೆಯೇ ಕೊಡುತ್ತದೆ. ದೀರ್ಘಕಾಲ ಸುಡುವ ಅಗತ್ಯವಿಲ್ಲದ ಈ ವಿಧಾನ ಮುಂದೆ ಹಲವು ದೇಶಗಳಿಗೆ ಹಬ್ಬಿತು.

ಅದೇ ಸಂಸ್ಥೆಯಲ್ಲಿ ನಾಗವೇಣಿ, ಎಂ. ಎಸ್. ಹೆಗಡೆ, ಗಿರಿಧರ್ ಮದ್ರಾಸ್ ಮತ್ತು ಸಂಗಡಿಗರು ಟೈಟಾನಿಲ್ ನೈಟ್ರೇಟ್ ಹಾಗೂ ಗ್ಲೈಸಿನ್ ದ್ರಾವಣವನ್ನು 350 ಡಿಗ್ರಿಯಲ್ಲಿ ಹೊತ್ತಿಸಿ ಅನಟೇಸ್ ನ್ಯಾನೊ ಕಣಗಳನ್ನು ಪಡೆದರು. 2004ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಹರಳುಗಳ ಗಾತ್ರ 8ರಿಂದ 10 ನ್ಯಾನೊಮೀಟರ್. ನೀರಿನಲ್ಲಿ ಕರಗಿದ ಬಣ್ಣಗಳನ್ನು ಬೆಳಕಿನಲ್ಲಿ ಒಡೆಯುವ ಪರೀಕ್ಷೆಯಲ್ಲಿ ಅವು ಪಿ-25ಕ್ಕಿಂತ ಚುರುಕಾಗಿದ್ದವು. ಇಂಧನದ ಇಂಗಾಲದ ಅಂಶ ಹರಳಿನೊಳಗೆ ಸೇರಿ, ಬೆಳಕನ್ನು ಹೀರುವ ಗುಣವನ್ನೇ ಬದಲಿಸಿತೆಂದು ಅವರು ವಿವರಿಸಿದರು. ಬೇರೆಡೆ ಕಲ್ಮಶವೆನಿಸಿದ ಪೂರ್ವದ್ರವ್ಯದ ಉಳಿಕೆ ಇಲ್ಲಿ ಗುಣವಾಗಿ ಪರಿಣಮಿಸಿತು. ಆದರೆ ಟೈಟಾನಿಲ್ ನೈಟ್ರೇಟ್ ತಯಾರಾದದ್ದು ಐಸೊಪ್ರೊಪಾಕ್ಸೈಡನ್ನು ನೀರಿಗೆ ಹಾಕಿ ಪಡೆದ ಗಸಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ. ಹೊಸ ದಾರಿಯ ಮೊದಲ ಮೈಲಿಗಲ್ಲು ಹಳೆಯ ದಾರಿಯಲ್ಲಿಯೇ ಇತ್ತು.

ಹದ ಮತ್ತು ದಾಖಲೆ

ಜನಪದ ಕುಶಲಕರ್ಮಿಗಳ ನುಡಿಯಲ್ಲಿ ಹದ ಎಂಬ ಮಾತಿಗೆ ದೊಡ್ಡ ಸ್ಥಾನವಿದೆ. ಸುಣ್ಣ ಅರಳಿಸುವವನ ಹದ, ಮಣ್ಣು ನಾದುವವನ ಹದ, ಬಣ್ಣ ಕಾಯಿಸುವವನ ಹದ ಸಂಖ್ಯೆಗಳಲ್ಲಿ ಪೂರ್ತಿಯಾಗಿ ಹಿಡಿಯುವುದಿಲ್ಲ. ಪೂರ್ವದ್ರವ್ಯಗಳ ವಿಷಯದಲ್ಲಿಯೂ ಇದು ಸತ್ಯ. ಆಲ್ಕಾಕ್ಸೈಡನ್ನು ಹನಿಹನಿಯಾಗಿ ಬಿಡುವ ವೇಗ, ಕದಡುವ ರಭಸ, ಆ ದಿನದ ಗಾಳಿಯ ತೇವ, ಬಾಟಲಿ ಎಷ್ಟು ಬಾರಿ ತೆರೆದಿದೆ ಎಂಬುದು ಕಣದ ಗಾತ್ರವನ್ನು ನಿರ್ಧರಿಸಬಲ್ಲವು. ಮಳೆಗಾಲದಲ್ಲಿ ತೆರೆದ ಬಾಟಲಿಯ ಬಾಯಂಚಿನಲ್ಲಿ ಕಟ್ಟುವ ಬಿಳಿಯ ಹೊರೆ ಒಳಗಿನ ದ್ರವ ಕೆಡುತ್ತಿರುವುದರ ಸೂಚನೆ. ಇಂಥ ವಿವರಗಳು ಪ್ರಕಟಿತ ಪ್ರಬಂಧದಲ್ಲಿ ಅಪರೂಪ. ಅವು ಹಿರಿಯ ಸಂಶೋಧಕರಿಂದ ಕಿರಿಯರಿಗೆ ಬಾಯಿಂದ ಬಾಯಿಗೆ ಸಾಗುತ್ತವೆ. ಒಂದೇ ಪೂರ್ವದ್ರವ್ಯ, ಒಂದೇ ಪ್ರಮಾಣ ಬಳಸಿದರೂ ಎರಡು ಪ್ರಯೋಗಾಲಯಗಳ ಫಲಿತಾಂಶ ಬೇರೆಯಾಗುವುದಕ್ಕೆ ಇದೂ ಒಂದು ಕಾರಣ. ಈ ಮೌಖಿಕ ತಿಳಿವಳಿಕೆಯನ್ನು ದಾಖಲಿಸುವುದು ವಿಜ್ಞಾನಚರಿತ್ರೆಗೂ ಜಾನಪದಕ್ಕೂ ಸಮಾನವಾದ ಹೊಣೆ.

ಒಟ್ಟಾರೆಯಾಗಿ ಈ ಅವಲೋಕನದಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಪೂರ್ವದ್ರವ್ಯ ತನ್ನ ಗುರುತನ್ನು ಸಿದ್ಧವಸ್ತುವಿನಲ್ಲಿ ಬಿಟ್ಟುಹೋಗುತ್ತದೆ. ಸಲ್ಫೇಟ್, ಕ್ಲೋರೈಡ್, ಇಂಗಾಲದ ಅಂಶಗಳು ಹರಳಿನ ರೂಪ ಮತ್ತು ವರ್ತನೆಗಳನ್ನು ತಿದ್ದುತ್ತವೆ. ಎರಡನೆಯದಾಗಿ, ಮೂರು ದಾರಿಗಳೂ ಕೊನೆಗೆ ಅದಿರಿಗೆ, ಬಹುಪಾಲು ಕಡಲತೀರದ ಮರಳಿಗೆ ಮರಳುತ್ತವೆ. ಮೂರನೆಯದಾಗಿ, ಯಾವ ದಾರಿಯೂ ಉಳಿಕೆಯನ್ನು ಇಲ್ಲವಾಗಿಸಿಲ್ಲ, ಅದರ ರೂಪವನ್ನೂ ಜಾಗವನ್ನೂ ಬದಲಿಸಿದೆ. ಸಿದ್ಧವಸ್ತುವೂ ಪ್ರಶ್ನಾತೀತವಾಗಿ ಉಳಿದಿಲ್ಲ: ವಿಷರಹಿತವೆಂದು ಸೀಸದ ಜಾಗಕ್ಕೆ ಬಂದ ಇದೇ ಬಿಳುಪನ್ನು ಆಹಾರದಲ್ಲಿ ಬಳಸುವುದನ್ನು ಯುರೋಪಿಯನ್ ಒಕ್ಕೂಟ 2022ರಲ್ಲಿ ನಿಷೇಧಿಸಿತು. ಸಂಶೋಧನ ಪ್ರಬಂಧವೊಂದರಲ್ಲಿ ಪೂರ್ವದ್ರವ್ಯದ ಹೆಸರು ಮತ್ತು ಶುದ್ಧತೆಗೆ ಮೀಸಲಾದ ಒಂದು ಸಾಲನ್ನು ಓದುವಾಗ ಅದರ ಹಿಂದೆ ಮರಳು ತೆಗೆದ ತೀರ, ಆಮ್ಲ ಹೊರಬಿಟ್ಟ ಕಾರ್ಖಾನೆ, ದ್ರವವನ್ನು ಪಳಗಿಸಿದ ಕೈಗಳು ಇವೆಯೆಂಬುದನ್ನು ಗಣನೆಗೆ ತೆಗೆದುಕೊಳ್ಳಬೇಕು. ಕನ್ನಡದಲ್ಲಿ ವಿಜ್ಞಾನದ ಚರಿತ್ರೆಯನ್ನು ಬರೆಯಹೊರಡುವವರು ಆ ಒಂದು ಸಾಲನ್ನು ಬಿಡಿಸಿ ಬರೆಯುವ ಕೆಲಸದಿಂದಲೇ ಆರಂಭಿಸಬಹುದು.